ಕಾಲುವೆ ಹೂಳಿಗೆ ಸರ್ಕಾರದ ದುಡ್ಡು: ಯಾರನ್ನು, ಯಾವಾಗ, ಹೇಗೆ ಕೇಳಬೇಕು?

ಮುಂಗಾರಿನಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಎಡದಂಡೆ ಕಾಲುವೆಗೆ ನೀರು ಬಿಡುತ್ತಾರೆ. ಪೇಪರ್‌ನಲ್ಲಿ ಫೋಟೊ ಬರುತ್ತದೆ. ಸ್ವಲ್ಪ ದಿನ ಕಳೆದರೆ ಅದೇ ಪೇಪರ್‌ನಲ್ಲಿ ಇನ್ನೊಂದು ಫೋಟೊ: ಟೇಲೆಂಡ್, ಅಂದರೆ ಕಾಲುವೆಯ ಕೊನೆಯ ತುದಿಯ ಊರಿನ ರೈತರು ರಸ್ತೆ ತಡೆದು ಕೂತಿರುತ್ತಾರೆ. ನೀರು ಬಂದಿಲ್ಲ. ಡ್ಯಾಂನಲ್ಲಿ ನೀರಿದೆ, ಮುಖ್ಯ ಕಾಲುವೆಯಲ್ಲೂ ಇದೆ. ಊರಿಗೆ ಬರುವ ಡಿಸ್ಟ್ರಿಬ್ಯೂಟರಿಯಲ್ಲಿ (ಹಂಚಿಕೆಯ ಕವಲು ಕಾಲುವೆ) ಮಾತ್ರ ಹೂಳು, ಜಾಲಿ, ಆಪು ಹುಲ್ಲು, ಎದ್ದು ಬಂದ ಕಾಂಕ್ರೀಟು, ಮುರಿದ ಗೇಟು.

ನಮ್ಮ ಕಲ್ಯಾಣ ಕರ್ನಾಟಕ ಭಾಗದಲ್ಲಿ ಹೊಸ ಕಾಮಗಾರಿಗೆ ದುಡ್ಡು ಬರುತ್ತದೆ. ಆಮೇಲೆ ಅದನ್ನು ನೋಡಿಕೊಳ್ಳಲು ಬರುವುದಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣವನ್ನೇ ನೋಡಿ. ಸುಮಾರು 4,700 ಕೋಟಿ ರೂಪಾಯಿಯ ಕೆಲಸ. 2023ರ ಜನವರಿ 19ರಂದು ಪ್ರಧಾನಿಯೇ ಕೊಡೇಕಲ್‌ಗೆ ಬಂದು ಉದ್ಘಾಟನೆ ಮಾಡಿದರು. 10,000 ಕ್ಯೂಸೆಕ್ ಹರಿಯುವ ಕಾಲುವೆ, 4.5 ಲಕ್ಷ ಹೆಕ್ಟೇರ್ ಅಚ್ಚುಕಟ್ಟು, ಕಲಬುರಗಿ, ಯಾದಗಿರಿ, ವಿಜಯಪುರದ 560 ಹಳ್ಳಿ. ಒಳ್ಳೆಯದೇ. ಆದರೆ ಇಷ್ಟು ದೊಡ್ಡ ಕಾಲುವೆಯ ಕೊನೆಯ ಕವಲಿನಲ್ಲಿ ಪ್ರತಿ ವರ್ಷ ಹೂಳು ಎತ್ತಲು ಎಷ್ಟು ದುಡ್ಡು ಇಟ್ಟಿದ್ದಾರೆ? ಈ ಪ್ರಶ್ನೆಯನ್ನು ಸರಿಯಾದ ಮೇಜಿನ ಮುಂದೆ, ಸರಿಯಾದ ತಿಂಗಳಲ್ಲಿ, ಕೈಯಲ್ಲಿ ಲೆಕ್ಕ ಹಿಡಿದು ಕೇಳುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಕಾಲುವೆಗೆ ಬರೆದದ್ದಾದರೂ ಕೆರೆಯ ಪೋಷಕ ಕಾಲುವೆ, ಹಳ್ಳ, ಬ್ಯಾರೇಜಿನ ಗೇಟು, ಎಲ್ಲಕ್ಕೂ ಇದೇ ದಾರಿ.

(2016ರ ಕಾಯ್ದೆ ಪ್ರಕಾರ ನಮ್ಮ ಭೀಮಾ ನದಿಯೂ ದೇಶದ 111 ರಾಷ್ಟ್ರೀಯ ಜಲಮಾರ್ಗಗಳಲ್ಲಿ ಒಂದು. ಬೇಸಿಗೆಯಲ್ಲಿ ಅಫಜಲಪುರ, ಜೇವರ್ಗಿ ಕಡೆ ಹೊಳೆ ನೋಡಿದವರು ನಕ್ಕಾರು. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ದುಡ್ಡು ಬರಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.)

1. ಕಾಲುವೆಯ ಯಜಮಾನ ಯಾರು?

ಅರ್ಧದಷ್ಟು ಅರ್ಜಿಗಳು ಸಾಯುವುದು ಇಲ್ಲೇ. ಕೃಷ್ಣಾ ಭಾಗ್ಯ ಜಲ ನಿಗಮಕ್ಕೆ ಕೊಡಬೇಕಾದ ಅರ್ಜಿಯನ್ನು ತಹಶೀಲ್ದಾರ್‌ಗೆ ಕೊಡುತ್ತೇವೆ. ಅದು "ಸೂಕ್ತ ಕ್ರಮಕ್ಕಾಗಿ" ಅಂತ ಮುದ್ರೆ ಹೊಡೆಸಿಕೊಂಡು ನಾಲ್ಕು ಕಚೇರಿ ತಿರುಗುತ್ತದೆ. ಅಷ್ಟರಲ್ಲಿ ವರ್ಷ ಮುಗಿದಿರುತ್ತದೆ.

ಶಹಾಪುರ, ಸುರಪುರ, ಹುಣಸಗಿ, ಜೇವರ್ಗಿ ಕಡೆಯ ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳು ಕೃಷ್ಣಾ ಭಾಗ್ಯ ಜಲ ನಿಗಮದವು. ಕಾರಂಜಾ, ಬೆಣ್ಣೆತೊರಾ, ಕೆಳದಂಡೆ ಮುಲ್ಲಾಮಾರಿ, ಗಂಡೋರಿ ನಾಲಾ, ಅಮರ್ಜಾ ಇವು ಕರ್ನಾಟಕ ನೀರಾವರಿ ನಿಗಮಕ್ಕೆ ಸೇರಿವೆ. ಕೆರೆಗಳಿಗೆ ಅಳತೆಯೇ ಗುರುತು. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಪಂಚಾಯತ್ ರಾಜ್ ಕಡೆ, 40ರಿಂದ 2,000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆ. ಅದಕ್ಕಿಂತ ಮೇಲಿನದು ಜಲಸಂಪನ್ಮೂಲ ಇಲಾಖೆ ಮತ್ತು ಅದರ ನಿಗಮಗಳು.

ಒಂದೇ ಕಾಲುವೆಯಲ್ಲೂ ಪಾಲು ಇರುತ್ತದೆ. ಮುಖ್ಯ ಕಾಲುವೆ, ಶಾಖಾ ಕಾಲುವೆ, ಡಿಸ್ಟ್ರಿಬ್ಯೂಟರಿ, ಅದರಿಂದ ಒಡೆಯುವ ಲ್ಯಾಟರಲ್ ತನಕ ನಿಗಮ. ತೂಬಿನಿಂದ ಕೆಳಗೆ ಹೊಲಕ್ಕೆ ಹೋಗುವ ಹೊಲಗಾಲುವೆ ಕಟ್ಟುವುದು ಕಾಡಾ, ಅಂದರೆ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ. ಕೃಷ್ಣಾ ಮೇಲ್ದಂಡೆಯ ಕಾಡಾ ಕಚೇರಿ ಭೀಮರಾಯನಗುಡಿಯಲ್ಲಿದೆ. ಕಟ್ಟಿ ಕೊಟ್ಟ ಹೊಲಗಾಲುವೆಯನ್ನು ನೋಡಿಕೊಳ್ಳುವುದು ನೀರು ಬಳಕೆದಾರರ ಸಂಘದ, ಅಂದರೆ ನಮ್ಮದೇ ಕೆಲಸ. ಅದರ ಹೂಳಿಗೆ ನಿಗಮದ ಹತ್ತಿರ ದುಡ್ಡು ಕೇಳಲು ಹೋದರೆ ಮೊದಲ ದಿನವೇ ಮಾತು ಸೋಲುತ್ತೀರಿ.

ಬೀದರ್‌ನ ನೌಬಾದ್ ಕಡೆಯ ಕರೇಜ್‌ನಂಥ ಹಳೆಯ ನೆಲದಡಿ ಕಾಲುವೆಗಳ ಕಥೆ ಬೇರೆ. ಬಹಮನಿ ಕಾಲದ್ದು, ಮೇಲೆ ಮನೆ, ಹೊಲ, ರಸ್ತೆ ಎಲ್ಲ ಬಂದಿವೆ. ಅಂಥ ಕಡೆ ಒಂದೇ ಇಲಾಖೆಯ ಬೆನ್ನು ಹತ್ತಬೇಡಿ. ನೇರ ಜಿಲ್ಲಾಧಿಕಾರಿ ಹತ್ತಿರ ಹೋಗಿ, ಎಲ್ಲ ಇಲಾಖೆಗಳನ್ನು ಒಂದೇ ಸಭೆಗೆ ಕರೆಯಿರಿ ಅಂತ ಕೇಳಿ.

2. ಕಾಲುವೆ ನಡೆದು ಅಳೆಯಿರಿ

"ಕಾಲುವೆ ಪೂರ್ತಿ ಹೂಳು ತುಂಬಿದೆ ಸಾಹೇಬ್ರೇ" ಅನ್ನುವುದು ದೂರು. "ಡಿಸ್ಟ್ರಿಬ್ಯೂಟರಿಯ 4ನೇ ಕಿಲೋಮೀಟರ್‌ನಿಂದ 7ನೇ ಕಿಲೋಮೀಟರ್ ತನಕ ಸರಾಸರಿ 40 ಸೆಂಟಿಮೀಟರ್ ಹೂಳಿದೆ, ಸುಮಾರು 1,440 ಘನ ಮೀಟರ್ ಎತ್ತಬೇಕು" ಅನ್ನುವುದು ಎಸ್ಟಿಮೇಟಿನ ಮೊದಲ ಸಾಲು. ಇಂಜಿನಿಯರ್ ಎರಡನೆಯದನ್ನು ತಳ್ಳಿಹಾಕಲು ಅವರೇ ಬಂದು ಅಳೆಯಬೇಕಾಗುತ್ತದೆ. ನಮಗೆ ಬೇಕಾದ್ದೂ ಅದೇ.

ಬೇಕಾದ ಸಾಮಾನು: ಒಂದು ಟೇಪು, ಆಳ ಗುರುತು ಹಾಕಿದ ಕಬ್ಬಿಣದ ಸರಳು, ನೋಟ್‌ಬುಕ್ಕು, ಮೊಬೈಲು. ಫೋಟೊದ ಮೇಲೆ ಜಾಗ, ದಿನಾಂಕ ತೋರಿಸುವ ಜಿಪಿಎಸ್ ಕ್ಯಾಮೆರಾ ಆ್ಯಪ್ ಇದ್ದರೆ ಇನ್ನೂ ಒಳ್ಳೆಯದು. ಕಾಲುವೆ ದಂಡೆಯ ಕಿಲೋಮೀಟರ್ ಕಲ್ಲಿನಿಂದ ಶುರು ಮಾಡಿ. ಇಂಜಿನಿಯರುಗಳು ಇದಕ್ಕೆ ಚೈನೇಜ್ ಅನ್ನುತ್ತಾರೆ. ನೀವೂ ಅದೇ ಮಾತು ಬಳಸಿ. ಪ್ರತಿ 100 ಮೀಟರ್‌ಗೆ ಒಮ್ಮೆ ಸರಳನ್ನು ಹೂಳಿಗೆ ಚುಚ್ಚಿ, ಕೆಳಗಿನ ಕಾಂಕ್ರೀಟಿಗೆ ಟಕ್ ಅನ್ನುವ ತನಕ. ಎಷ್ಟು ಇಳಿಯಿತು ಬರೆದುಕೊಳ್ಳಿ. ಮೂರು ಕಿಲೋಮೀಟರ್‌ಗೆ ಮೂವತ್ತು ಅಳತೆ ಸಾಕು, ಸರಾಸರಿ ತೆಗೆಯಿರಿ. ತಳದ ಅಗಲ 1.2 ಮೀಟರ್, ಹೂಳು 0.4 ಮೀಟರ್, ಉದ್ದ 3,000 ಮೀಟರ್. ಮೂರನ್ನೂ ಗುಣಿಸಿದರೆ 1,440 ಘನ ಮೀಟರ್. ಟ್ರ್ಯಾಕ್ಟರ್ ಟ್ರೇಲರ್‌ಗೆ 100 ಘನ ಅಡಿ, ಅಂದರೆ ಸುಮಾರು 2.8 ಘನ ಮೀಟರ್ ಹಿಡಿದರೆ 500ಕ್ಕೂ ಜಾಸ್ತಿ ಟ್ರಿಪ್ಪು. ಈ ಟ್ರಿಪ್ಪಿನ ಲೆಕ್ಕ ಊರ ಸಭೆಯಲ್ಲಿ ಹೇಳಲು ಚೆನ್ನಾಗಿರುತ್ತದೆ, ಎಲ್ಲರಿಗೂ ಅರ್ಥವಾಗುತ್ತದೆ.

ಇನ್ನು ನೀರಿನ ಅಳತೆ. ನೀರು ಬಿಟ್ಟಾಗ ಡಿಸ್ಟ್ರಿಬ್ಯೂಟರಿಯ ಬಾಯಲ್ಲಿ ಒಮ್ಮೆ, ಟೇಲೆಂಡ್‌ನಲ್ಲಿ ಒಮ್ಮೆ ಅಳೆಯಬೇಕು. ಯಂತ್ರ ಬೇಡ. ನೇರವಾಗಿ ಹರಿಯುವ ಜಾಗ ನೋಡಿ 30 ಮೀಟರ್ ಗುರುತು ಮಾಡಿ. ತೊಗರಿ ಕಟ್ಟಿಗೆಯ ತುಂಡನ್ನೋ ಅರ್ಧ ನೀರು ತುಂಬಿದ ಬಾಟಲಿಯನ್ನೋ ನಡುನೀರಿಗೆ ಬಿಡಿ. ಖಾಲಿ ಬಾಟಲಿ ಬೇಡ, ಗಾಳಿಗೆ ಓಡಿ ಲೆಕ್ಕ ಕೆಡಿಸುತ್ತದೆ. ಎಷ್ಟು ಸೆಕೆಂಡ್ ತೆಗೆದುಕೊಂಡಿತು ನೋಡಿ. ಮೂರ್ನಾಲ್ಕು ಸಲ ಮಾಡಿ ಸರಾಸರಿ ಹಿಡಿಯಿರಿ.

60 ಸೆಕೆಂಡ್ ಆಯಿತು ಅಂದುಕೊಳ್ಳಿ. ವೇಗ ಸೆಕೆಂಡಿಗೆ ಅರ್ಧ ಮೀಟರ್. ಮೇಲಿನ ನೀರು ತಳದ ನೀರಿಗಿಂತ ಜೋರಾಗಿ ಓಡುವುದರಿಂದ 0.85ರಿಂದ ಗುಣಿಸಿ. ನೀರಿನ ಸರಾಸರಿ ಅಗಲ 1.5 ಮೀಟರ್, ಆಳ 0.6 ಮೀಟರ್ ಇದ್ದರೆ ಹರಿವು ಸೆಕೆಂಡಿಗೆ 0.38 ಘನ ಮೀಟರ್. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28.3 ಲೀಟರ್. ಹಾಗಾದರೆ ಇದು ಸುಮಾರು 13.5 ಕ್ಯೂಸೆಕ್. ಕಾಲುವೆಯ ಡಿಸೈನ್ ಎಷ್ಟಕ್ಕೆ ಅಂತ ನಿಗಮದ ದಾಖಲೆಯಲ್ಲಿ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಬರೆಯಿರಿ. ವ್ಯತ್ಯಾಸವೇ ನಿಮ್ಮ ಕೇಸು. ಇದು ಒರಟು ಅಳತೆ, ಹಾಗಂತ ಅರ್ಜಿಯಲ್ಲೂ ಬರೆದುಬಿಡಿ. "ನಮ್ಮದು ಕಟ್ಟಿಗೆ ಬಿಟ್ಟು ಮಾಡಿದ ಅಳತೆ, ನಿಮ್ಮ ಯಂತ್ರ ತಂದು ಅಳೆಯಿರಿ" ಅಂದರೆ ಅವರಿಗೆ ಜಗಳ ಆಡಲು ಏನೂ ಉಳಿಯಲ್ಲ.

ಲೈನಿಂಗ್, ಅಂದರೆ ಕಾಲುವೆಯ ಕಾಂಕ್ರೀಟ್ ಹೊದಿಕೆ ಒಡೆದ ಕಡೆ ಕೆಳಗಿನ ಮಣ್ಣನ್ನೂ ನೋಡಿ. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕಾಂಕ್ರೀಟಿನ ಕೆಳಗೆ ಉಬ್ಬದ ಗರಸಿನ ಪದರ ಸರಿಯಾಗಿ ಹಾಕದಿದ್ದರೆ ಹಲಗೆಗಳು ಎದ್ದು ನಿಲ್ಲುತ್ತವೆ. ಅದರ ಮೇಲೆ ಮತ್ತೆ ಸಿಮೆಂಟ್ ಬಳಿದರೆ ಎರಡು ಮಳೆಗಾಲವೂ ನಿಲ್ಲಲ್ಲ. ಫೋಟೊದಲ್ಲಿ ಕರಿ ಮಣ್ಣು ಕಂಡರೆ, ಗರಸಿನ ಪದರ ಎಸ್ಟಿಮೇಟಿನಲ್ಲಿ ಬರಲಿ ಅಂತ ಈಗಲೇ ಬರೆದು ಕೊಡಿ.

ಕಾಲುವೆ ಜಾಗ ಯಾರಾದರೂ ಒತ್ತಿದ್ದಾರಾ ಅಂತ ಸರ್ಕಾರದ ಭೂ ನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಬಹುದು. ಅದು ಅಂದಾಜಿಗೆ ಮಾತ್ರ, ಜಗಳಕ್ಕೆ ಅಲ್ಲ. ಖಚಿತ ಬೇಕಾದರೆ ಸರ್ವೆ ಇಲಾಖೆಯಿಂದ ಹದ್ದುಬಸ್ತು, ಅಂದರೆ ಗಡಿ ಅಳತೆ ಮಾಡಿಸಬೇಕು.

3. ಮೊದಲು ಊರೊಳಗೆ ಮಾತಾಡಿ

ನೀವು ಕಚೇರಿಗೆ ಹೋದ ಕೂಡಲೇ ಬರುವ ಉತ್ತರ ಇದು: "ನಿಮ್ಮವರೇ ಗೇಟ್ ಮುರಿದಿದ್ದಾರೆ, ನಿಮ್ಮವರೇ ಮೋಟಾರ್ ಇಟ್ಟಿದ್ದಾರೆ." ಬಹಳ ಸಲ ಅದು ನಿಜವೂ ಹೌದು. ಮೇಲಿನ ಊರಿನವರು ಪೈಪ್ ಹಾಕಿ ಎತ್ತಿದರೆ ಕೆಳಗಿನ ಊರಿಗೆ ಹೂಳು ತೆಗೆದರೂ ನೀರು ಬರಲ್ಲ. ಅಕ್ರಮವಾಗಿ ನೀರು ಎತ್ತುವವರ ಮೇಲೆ ಬಿಗಿ ಮಾಡಲು 2024ರಲ್ಲಿ ಕರ್ನಾಟಕ ನೀರಾವರಿ ಕಾಯ್ದೆಗೆ ತಿದ್ದುಪಡಿಯೂ ಆಗಿದೆ. ಆದರೆ ಕಾಯ್ದೆ ತೋರಿಸಿ ಪಕ್ಕದ ಊರಿನ ಜೊತೆ ಬದುಕಲು ಆಗಲ್ಲ, ಅಲ್ವಾ? ಮೇಲಿನ ಊರಿನ ನಾಲ್ಕು ಮಂದಿ ಹಿರಿಯರನ್ನು ಜೊತೆಗೆ ಕರೆದುಕೊಂಡೇ ಕಾಲುವೆ ನಡೆಯಿರಿ. ಅವರ ಕಡೆಯ ಒಡೆದ ಲೈನಿಂಗನ್ನೂ ಪಟ್ಟಿಗೆ ಸೇರಿಸಿ. ಅರ್ಜಿಯಲ್ಲಿ ಅವರ ಸಹಿ ಇದ್ದರೆ ಅರ್ಧ ಕೆಲಸ ಆದಂತೆ.

ನೀರು ಬಳಕೆದಾರರ ಸಹಕಾರ ಸಂಘ ಇದೆಯಾ ನೋಡಿ. ಹೆಚ್ಚಿನ ಕಡೆ ಬೋರ್ಡ್ ಇರುತ್ತದೆ, ಲೆಕ್ಕಪತ್ರ ಇರಲ್ಲ. ಅದನ್ನು ಎಬ್ಬಿಸಿ: ಸರ್ವಸದಸ್ಯರ ಸಭೆ, ಆಡಿಟ್, ಚುನಾವಣೆ. ನೋಂದಾಯಿತ ಸಂಘದ ಠರಾವಿಗೆ ಕಚೇರಿಯಲ್ಲಿ ಇರುವ ತೂಕ ಬರೀ ಐವತ್ತು ಸಹಿಗೆ ಇರಲ್ಲ. ನೀರಿನ ಕರ ಕಟ್ಟಿದ ರಸೀದಿಗಳನ್ನು ಒಟ್ಟು ಮಾಡಿ ಇಟ್ಟುಕೊಳ್ಳಿ. "ಕರ ಯಾರು ಕಟ್ಟುತ್ತಾರೆ?" ಅನ್ನುವ ಕೊಂಕು ಬಂದೇ ಬರುತ್ತದೆ.

ರೈತರು ಮಾತ್ರ ಅಲ್ಲ, ಹೊಲ ಇಲ್ಲದವರನ್ನೂ ಸೇರಿಸಿ. ಕಾಲುವೆ ನೀರಿನಿಂದ ಕುಡಿಯುವ ನೀರಿನ ಕೆರೆ ತುಂಬುವ ಊರಾದರೆ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳೇ ಮುಂದೆ ನಿಲ್ಲಲಿ. ಎರಡನೇ ಬೆಳೆಗೆ ನೀರು ಸಿಕ್ಕರೆ ಊರಲ್ಲೇ ಕೂಲಿ. ಇಲ್ಲದಿದ್ದರೆ ಬೆಂಗಳೂರು, ಪುಣೆ, ಮುಂಬೈಗೆ ಗುಳೆ. ಅಧಿಕಾರಿಗಳಿಗೆ ಎಕರೆ ಲೆಕ್ಕ ಹೇಳಿ, ಶಾಸಕರಿಗೆ ಗುಳೆ ಹೋದ ಮನೆಗಳ ಲೆಕ್ಕ ಹೇಳಿ. ಆ ಮನೆಗಳಲ್ಲಿ ಓಟು ಇದೆ.

4. ಮಾಹಿತಿ ಹಕ್ಕಿನಲ್ಲಿ ಕಾಗದ ತರಿಸಿ

ದುಡ್ಡು ಕೇಳುವ ಮೊದಲು, ಹಿಂದೆ ಬಂದ ದುಡ್ಡು ಎಲ್ಲಿ ಹೋಯಿತು ಅಂತ ಗೊತ್ತಿರಬೇಕು. ಅರ್ಜಿಗೆ 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಮಿತಿ. ಹಾಗಾಗಿ ಕಥೆ ಬರೆಯಬೇಡಿ. ಹೀಗೆ ಕೇಳಿ:

"ಇಂಥ ಡಿಸ್ಟ್ರಿಬ್ಯೂಟರಿಗೆ ಕಳೆದ 5 ಆರ್ಥಿಕ ವರ್ಷಗಳಲ್ಲಿ ನಿರ್ವಹಣೆ ಮತ್ತು ದುರಸ್ತಿಗೆ ಕೈಗೊಂಡ ಕಾಮಗಾರಿಗಳ ಪಟ್ಟಿ, ಪ್ರತಿಯೊಂದರ ಚೈನೇಜ್, ಅಂದಾಜು ಮೊತ್ತ, ಲೆಕ್ಕ ಶೀರ್ಷಿಕೆ, ಗುತ್ತಿಗೆದಾರರ ಹೆಸರು, ಪಾವತಿಸಿದ ಮೊತ್ತ ಹಾಗೂ ಅಳತೆ ಪುಸ್ತಕದ ದೃಢೀಕೃತ ಪ್ರತಿ ಕೊಡಿ."

ಅಳತೆ ಪುಸ್ತಕ ಅಂದರೆ ಎಂ.ಬಿ. ಎಷ್ಟು ಹೂಳು ತೆಗೆದರು, ಯಾವ ದಿನ ಅಳೆದರು ಅಂತ ಅದರಲ್ಲಿ ಬರೆದಿರುತ್ತಾರೆ. ಕಾಲುವೆಯಲ್ಲಿ ನೀರು ಹರಿಯುತ್ತಿದ್ದ ದಿನವೇ ಹೂಳು ಅಳೆದ ದಾಖಲೆ ಸಿಕ್ಕರೆ ನಿಮಗೆ ಬೇರೆ ಭಾಷಣವೇ ಬೇಡ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ. ಆಯೋಗದ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ಅಲೆಯಬೇಕಿಲ್ಲ. ಕಾಮಗಾರಿಯನ್ನು ಖುದ್ದು ಪರಿಶೀಲಿಸಲು, ಮಾದರಿ ತೆಗೆದುಕೊಳ್ಳಲು ಸಹ ಈ ಕಾಯ್ದೆಯಲ್ಲಿ ಅವಕಾಶ ಇದೆ. ಇದನ್ನು ಬಳಸುವವರು ಕಡಿಮೆ.

5. ಯಾವ ಕಿಸೆಯಿಂದ ದುಡ್ಡು?

ಲೆಕ್ಕ ಶೀರ್ಷಿಕೆಯ ಮೊದಲ ಅಂಕಿ ನೋಡಿ. 2ರಿಂದ ಶುರುವಾದರೆ ರಾಜಸ್ವ ವೆಚ್ಚ: ನಿರ್ವಹಣೆ, ದುರಸ್ತಿ, ಸಂಬಳ. 4ರಿಂದ ಶುರುವಾದರೆ ಬಂಡವಾಳ ವೆಚ್ಚ: ಹೊಸದಾಗಿ ಕಟ್ಟುವುದು. ಸಣ್ಣ ನೀರಾವರಿಗೆ 2702 ಮತ್ತು 4702. ದೊಡ್ಡ, ಮಧ್ಯಮ ನೀರಾವರಿಗೆ 2700, 2701 ಮತ್ತು 4700, 4701. ಅಡಿಗಲ್ಲು ಹಾಕುವುದೆಲ್ಲ 4ರ ಕಡೆ. ಹೂಳು, ಜಾಲಿ, ಗೇಟಿನ ಗ್ರೀಸು 2ರ ಕಡೆ. ಬಜೆಟ್ ಪುಸ್ತಕದಲ್ಲಿ ಎರಡರ ಮೊತ್ತ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಸಮಸ್ಯೆ ಒಂದೇ ಪುಟದಲ್ಲಿ ಕಾಣುತ್ತದೆ.

ಹಾಗಾಗಿ ನಿಮ್ಮ ಮುಖ್ಯ ಬೇಡಿಕೆ ಇಷ್ಟೇ ಇರಲಿ: "ಈ ಡಿಸ್ಟ್ರಿಬ್ಯೂಟರಿಗೆ ಪ್ರತಿ ವರ್ಷ ನಿರ್ವಹಣಾ ಶೀರ್ಷಿಕೆಯಲ್ಲಿ ಇಷ್ಟು." ಒಂದೇ ಸಲ ಹತ್ತು ಕೋಟಿಯ ಲೈನಿಂಗ್ ಕೇಳಬೇಡಿ. ದೊಡ್ಡ ಮೊತ್ತಕ್ಕೆ ಹಿಂಬಾಲಕರು ತಾವಾಗಿ ಹುಟ್ಟುತ್ತಾರೆ, ಕೆಲಸವೂ ಅವರದೇ ಆಗುತ್ತದೆ. ವರ್ಷ ವರ್ಷ ಬರುವ ಸಣ್ಣ ದುಡ್ಡು ಯಾರಿಗೂ ಬೇಡ, ಅದು ಕಾಲುವೆಗೆ ಮಾತ್ರ ಬೇಕು.

ಮುಖ್ಯ ಕಿಸೆ ಖಾಲಿ ಅಂದಾಗ ಬೇರೆ ಕಿಸೆಗಳಿವೆ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ನಮ್ಮ ಭಾಗಕ್ಕೆ ಮಾತ್ರ ಇರುವ ಅನುಕೂಲ. ಸಂವಿಧಾನದ 371(ಜೆ) ವಿಧಿಯಡಿ ಬಂದದ್ದು, ಕಚೇರಿ ಕಲಬುರಗಿಯಲ್ಲಿ, ಏಳು ಜಿಲ್ಲೆಗೆ ಸೇರಿದ್ದು. 2023-24ರಿಂದ ವರ್ಷಕ್ಕೆ 5,000 ಕೋಟಿ ರೂಪಾಯಿ ಅಂತ ಬಜೆಟ್‌ನಲ್ಲಿ ಘೋಷಣೆ ಆಗುತ್ತಿದೆ. ಕ್ರಿಯಾ ಯೋಜನೆಗೆ ಕೆಲಸ ಸೇರಬೇಕಾದರೆ ಕ್ಷೇತ್ರದ ಶಾಸಕರ ಪತ್ರಕ್ಕೆ ಬೆಲೆ ಜಾಸ್ತಿ. ಮಂಡಳಿಗೆ ಕೇಳುವಾಗ ನಿರ್ವಹಣೆ ಅನ್ನಬೇಡಿ. ಗೇಟು ಬದಲಾವಣೆ, ಒಡೆದ ಅಡ್ಡಮೋರಿ, ದಂಡೆ ರಸ್ತೆ ಇಂಥ ಎದ್ದು ಕಾಣುವ ಕೆಲಸ ಕೇಳಿ. 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿಯಲ್ಲಿ ನಿಮ್ಮ ತಾಲ್ಲೂಕು ಎಷ್ಟು ಹಿಂದುಳಿದಿದೆ ಅಂತ ಇದೆ, ಆ ಸಾಲನ್ನು ಅರ್ಜಿಗೆ ಸೇರಿಸಿ. ಯಾದಗಿರಿ, ಶಹಾಪುರ, ಸುರಪುರ, ಆಳಂದ, ಚಿಂಚೋಳಿ ಕಡೆಯವರಿಗೆ ಇದು ಒಳ್ಳೆಯ ಆಯುಧ.

ಉದ್ಯೋಗ ಖಾತ್ರಿ ಹೊಲಗಾಲುವೆಗೆ, ಕೆರೆಯ ಪೋಷಕ ಕಾಲುವೆಗೆ, ಹಳ್ಳಕ್ಕೆ ಸರಿಹೊಂದುತ್ತದೆ. ಕೂಲಿಯ ಪಾಲು ಜಾಸ್ತಿ ಇರುವ ಕೆಲಸ ಅದು, ಹೂಳೆತ್ತುವುದು ಕೂಲಿಯದೇ ಕೆಲಸ. ಯೋಜನೆಯ ಹೆಸರು, ನಿಯಮ ಬದಲಾಗುತ್ತಿರುತ್ತವೆ, ಈಗಿನ ನಿಯಮ ಏನು ಅಂತ ಗ್ರಾಮ ಪಂಚಾಯಿತಿಯ ಪಿಡಿಒ ಹತ್ತಿರ ಕೇಳಿಕೊಳ್ಳಿ. ಗ್ರಾಮಸಭೆಯಲ್ಲಿ ಕೆಲಸ ದಾಖಲಾಗದೆ ಏನೂ ಮುಂದೆ ಹೋಗಲ್ಲ.

ಟೇಲೆಂಡ್‌ನ ಹೊಲಗಳು ಪರಿಶಿಷ್ಟ ಜಾತಿ, ಪಂಗಡದವರದ್ದಾದರೆ 2013ರ ಉಪಯೋಜನೆ ಕಾಯ್ದೆಯಡಿ ಪ್ರತಿ ಇಲಾಖೆಯೂ ಅವರ ಪಾಲಿನ ದುಡ್ಡು ಎತ್ತಿಡಬೇಕು. ಪಹಣಿ ಮತ್ತು ಜಾತಿ ಪ್ರಮಾಣಪತ್ರದ ಜೊತೆ ಫಲಾನುಭವಿಗಳ ಪಟ್ಟಿ ಕೊಡಿ. ಕೆರೆಗಳಿಗೆ ಕೇಂದ್ರದ ಜಲಮೂಲಗಳ ದುರಸ್ತಿ ಮತ್ತು ಪುನಶ್ಚೇತನ ಯೋಜನೆ ಇದೆ. ಸಂಸದರ 5 ಕೋಟಿ, ಶಾಸಕರ 2 ಕೋಟಿಯ ನಿಧಿ ಬಾಳಿಕೆ ಬರುವ ಹೊಸ ಆಸ್ತಿ ಕಟ್ಟಲು ಇರುವಂಥದ್ದು. ಹೂಳಿಗೆ ಅದನ್ನು ಕೇಳಿ ಸಮಯ ಕಳೆಯಬೇಡಿ.

6. ಯಾವ ತಿಂಗಳಲ್ಲಿ ಏನು?

ಹೋರಾಟಗಳು ಜಾಸ್ತಿ ಸೋಲುವುದು ತಿಂಗಳು ತಪ್ಪಿ. ನೀರು ಬರದಿದ್ದಾಗ, ಅಂದರೆ ಆಗಸ್ಟ್‌ನಲ್ಲಿ, ನಮಗೆ ಸಿಟ್ಟು ಬರುತ್ತದೆ. ಆಗ ಕಾಲುವೆ ತುಂಬ ನೀರು. ಯಾರಿಗೂ ಹೂಳು ಎತ್ತಲು ಆಗಲ್ಲ. ಬೇಸಿಗೆಯಲ್ಲಿ ಕಾಲುವೆ ಒಣಗಿದಾಗ ನಮಗೆ ಮದುವೆ, ಜಾತ್ರೆ. ಜೂನ್‌ಗೆ ಮತ್ತೆ ನೆನಪಾಗುತ್ತದೆ.

ಕೆಲಸ ಮಾಡಲು ಇರುವ ಸಮಯ ಏಪ್ರಿಲ್‌ನಿಂದ ಜೂನ್. ಸರ್ಕಾರದ ವರ್ಷವೂ ಏಪ್ರಿಲ್ 1ಕ್ಕೇ ಶುರು. ಇಲ್ಲೇ ಎಡವಟ್ಟು. ಏಪ್ರಿಲ್‌ನಲ್ಲಿ ಹೊಸ ಅನುದಾನ ಬಂದು, ಕ್ರಿಯಾ ಯೋಜನೆ ಆಗಿ, ಟೆಂಡರ್ ಕರೆದು, ಕಾರ್ಯಾದೇಶ ಕೊಡುವಷ್ಟರಲ್ಲಿ ಜುಲೈ ಬಂದಿರುತ್ತದೆ. ನೀರು ಬಿಡುತ್ತಾರೆ. ಆ ದುಡ್ಡು ಮುಂದಿನ ಮಾರ್ಚ್‌ನಲ್ಲಿ ಗಡಿಬಿಡಿಯಲ್ಲಿ ಬಿಲ್ ಆಗುತ್ತದೆ. ಆದ್ದರಿಂದ ಈ ಏಪ್ರಿಲ್‌ನ ಕೆಲಸದ ಎಸ್ಟಿಮೇಟು ಹಿಂದಿನ ಅಕ್ಟೋಬರ್‌ಗೆ ತಯಾರಿರಬೇಕು, ಟೆಂಡರ್ ಮಾರ್ಚ್ ಒಳಗೆ ಮುಗಿದಿರಬೇಕು. ಅರ್ಜಿಯಲ್ಲಿ ಈ ಒಂದು ಸಾಲನ್ನು ತಪ್ಪದೆ ಬರೆಯಿರಿ.

ಹೀಗಾಗಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹರಿವು ಅಳೆಯುವುದು, ಫೋಟೊ ತೆಗೆಯುವುದು. ಅಕ್ಟೋಬರ್‌ನಲ್ಲಿ ಗ್ರಾಮಸಭೆಯ ಠರಾವು ಮತ್ತು ಇಂಜಿನಿಯರ್‌ಗೆ ಅರ್ಜಿ. ಹೂಳಿನ ಅಳತೆಗೆ ಎರಡು ಸರದಿಯ ನಡುವೆ ನೀರು ನಿಂತ ದಿನಗಳನ್ನು ಬಳಸಿ. ನವೆಂಬರ್, ಡಿಸೆಂಬರ್‌ನಲ್ಲಿ ಇಲಾಖೆಗಳು ಬಜೆಟ್ ಬೇಡಿಕೆ ಕಳಿಸುತ್ತವೆ, ಬೆಳಗಾವಿ ಅಧಿವೇಶನವೂ ಆಗಲೇ. ಶಾಸಕರ ಕೈಲಿ ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಉತ್ತರಿಸಬೇಕಾದದ್ದು) ಕೇಳಿಸಿ. ಪ್ರಶ್ನೆಯನ್ನು ನೀವೇ ಬರೆದು ಕೊಡಿ, ಅವರಿಗೂ ಅನುಕೂಲ. ವಿಧಾನಸಭೆಯಿಂದ ಪ್ರಶ್ನೆ ಬಂತು ಅಂದರೆ ಕಚೇರಿಯಲ್ಲಿ ಕಡತ ತಾನಾಗಿ ಮೇಲೆ ಬರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಬಜೆಟ್.

ಸೆಪ್ಟೆಂಬರ್ 17ಕ್ಕೆ ಮುಖ್ಯಮಂತ್ರಿ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಕಲಬುರಗಿಗೆ ಬರುತ್ತಾರೆ. 2024ರಲ್ಲಿ ಅದೇ ದಿನ ಇಲ್ಲೇ ಸಂಪುಟ ಸಭೆಯೂ ಆಯಿತು. ಆ ದಿನ ಮನವಿ ಕೊಡಲು ನೂರಾರು ಜನ ಸಾಲು ನಿಂತಿರುತ್ತಾರೆ. ಕೊಡಿ, ಬೇಡ ಅನ್ನಲ್ಲ. ಆದರೆ ಆಗಲೇ ಓಡುತ್ತಿರುವ ಕಡತದ ಸಂಖ್ಯೆ ಹಾಕಿ ಕೊಡಿ. ಹೊಸ ಮನವಿ ಮೂಟೆಯಲ್ಲಿ ಸೇರಿಹೋಗುತ್ತದೆ.

7. ಅರ್ಜಿ

ಒಂದೇ ಪುಟ ಸಾಕು. ಅಳತೆ, ಫೋಟೊ, ಠರಾವು ಲಗತ್ತು. ನಮೂನೆ ಹೀಗಿರಲಿ:

"ಕಾರ್ಯಪಾಲಕ ಇಂಜಿನಿಯರ್ ಅವರಿಗೆ,

ವಿಷಯ: ... ಡಿಸ್ಟ್ರಿಬ್ಯೂಟರಿಯ ಕಿ.ಮೀ. 4ರಿಂದ 7ರವರೆಗೆ ವಾರ್ಷಿಕ ನಿರ್ವಹಣೆಗೆ ಅನುದಾನ ಕೋರಿ.

ಮಾನ್ಯರೇ, ಈ ಭಾಗದಲ್ಲಿ ಸರಾಸರಿ 0.4 ಮೀಟರ್ ಹೂಳು ತುಂಬಿದೆ. 2 ಗೇಟುಗಳು ಕೆಟ್ಟಿವೆ. ಟೇಲೆಂಡ್‌ನಲ್ಲಿ ನಾವು ಅಳೆದ ಹರಿವು ಡಿಸೈನ್‌ಗಿಂತ ಬಹಳ ಕಡಿಮೆ ಇದೆ (ಲಗತ್ತು 1). ಇದರಿಂದ ಕೆಳಗಿನ ... ಎಕರೆಗೆ ನೀರು ತಲುಪುತ್ತಿಲ್ಲ (ಸರ್ವೆ ನಂಬರ್ ಪಟ್ಟಿ, ಲಗತ್ತು 2). ದಯವಿಟ್ಟು 15 ದಿನದೊಳಗೆ ಜಂಟಿ ಸ್ಥಳ ಪರಿಶೀಲನೆ ಮಾಡಿ, ನಿರ್ವಹಣಾ ಶೀರ್ಷಿಕೆಯಡಿ ಎಸ್ಟಿಮೇಟ್ ತಯಾರಿಸಿ, ಮಾರ್ಚ್ ಒಳಗೆ ಟೆಂಡರ್ ಮುಗಿಸಿ, ಏಪ್ರಿಲ್‌ನಲ್ಲಿ ಕೆಲಸ ಆರಂಭಿಸಬೇಕೆಂದು ಕೋರುತ್ತೇವೆ. ಪರಿಶೀಲನೆಯ ದಿನ ಸಂಘದ ಪದಾಧಿಕಾರಿಗಳು ಹಾಜರಿರುತ್ತಾರೆ."

ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಒಂದು ವಾರ ಬಿಟ್ಟು ಇ-ಆಫೀಸ್ ಕಡತ ಸಂಖ್ಯೆ ಕೇಳಿ. ಸಂಖ್ಯೆ ಇಲ್ಲದ ಅರ್ಜಿ ಅಂದರೆ ಸುಮ್ನೆ ಒಂದು ಹಾಳೆ. ಮುಖ್ಯ ಇಂಜಿನಿಯರ್, ಜಿಲ್ಲಾಧಿಕಾರಿ, ಶಾಸಕರಿಗೆ ಪ್ರತಿ ಕಳಿಸಿ. ಜಂಟಿ ಪರಿಶೀಲನೆಗೆ ಜೆಇ (ಕಿರಿಯ ಇಂಜಿನಿಯರ್) ಬಂದ ದಿನ ಚಹಾ ಕುಡಿಸಿ, ಕಾಲುವೆ ನಡೆಸಿ, ಸ್ಥಳದಲ್ಲೇ ಮಹಜರು ಬರೆಸಿ ಎಲ್ಲರೂ ಸಹಿ ಮಾಡಿ. ಕೆಳಹಂತದ ಇಂಜಿನಿಯರುಗಳಿಗೂ ದುಡ್ಡು ಬೇಕಾಗಿರುತ್ತದೆ. ಎಷ್ಟೋ ಸಲ ಅವರೇ "ನೀವು ಮೇಲೆ ಒತ್ತಡ ಹಾಕ್ರೀ" ಅನ್ನುತ್ತಾರೆ. ಅವರನ್ನು ವೈರಿ ಮಾಡಿಕೊಳ್ಳಬೇಡಿ.

8. ಒತ್ತಡ

ಎರಡು ಸಭೆಗಳನ್ನು ಬಿಡಬೇಡಿ. ಒಂದು ಕೆಡಿಪಿ ಸಭೆ, ಅಂದರೆ ಅಭಿವೃದ್ಧಿ ಕೆಲಸಗಳ ಪರಿಶೀಲನಾ ಸಭೆ, ಜಿಲ್ಲಾ ಉಸ್ತುವಾರಿ ಸಚಿವರು ನಡೆಸುವುದು. ಅದಕ್ಕೆ ಮೊದಲೇ ಸದಸ್ಯರೊಬ್ಬರಿಗೆ ನಿಮ್ಮ ಒಂದು ಪುಟದ ಟಿಪ್ಪಣಿ ಕೊಟ್ಟು ಪ್ರಶ್ನೆ ಎತ್ತಿಸಿ. ನಡಾವಳಿಯಲ್ಲಿ ಬಂತಾ ಅಂತ ಆಮೇಲೆ ನೋಡಿ. ನಡಾವಳಿಯಲ್ಲಿ ಬಂದದ್ದಕ್ಕೆ ಮುಂದಿನ ಸಭೆಯಲ್ಲಿ ಉತ್ತರ ಕೊಡಲೇಬೇಕು. ಇನ್ನೊಂದು ನೀರಾವರಿ ಸಲಹಾ ಸಮಿತಿ ಸಭೆ, ನೀರು ಬಿಡುವ ದಿನ ನಿರ್ಧಾರ ಆಗುವುದು ಅಲ್ಲಿ. ಎಲ್ಲರೂ ನೀರಿನ ದಿನಾಂಕವನ್ನೇ ಕೇಳುತ್ತಾರೆ. ನಿಮ್ಮ ಕಡೆಯವರು "ಕಾಲುವೆ ಸ್ವಚ್ಛ ಆಗಿದೆಯಾ? ಯಾವ ಡಿಸ್ಟ್ರಿಬ್ಯೂಟರಿಗೆ ಎಷ್ಟು ಖರ್ಚಾಯಿತು?" ಅಂತ ಕೇಳಲಿ.

ಪತ್ರಕರ್ತರನ್ನು ಕರೆಯುವಾಗ ಭಾಷಣ ಬೇಡ. ಕಾಲುವೆಗೆ ಕರೆದುಕೊಂಡು ಹೋಗಿ, ಸರಳು ಚುಚ್ಚಿ ತೋರಿಸಿ. ಮಾಹಿತಿ ಹಕ್ಕಿನ ಪ್ರತಿಯನ್ನು ಅಲ್ಲೇ ಕೈಗೆ ಕೊಡಿ. ಫೋಟೊ ಮತ್ತು ಅಂಕಿ ಎರಡೂ ಸಿಕ್ಕರೆ ಸುದ್ದಿ ಒಳಪುಟದಿಂದ ಮೇಲೆ ಬರುತ್ತದೆ.

ಧರಣಿ, ರಸ್ತೆ ತಡೆ ನನ್ನ ಪ್ರಕಾರ ಕೊನೆಗೆ. ಮಾಡುವುದೇ ಆದರೆ ಆಗಸ್ಟ್‌ನ ರಸ್ತೆಗಿಂತ ಜನವರಿಯಲ್ಲಿ ನಿಗಮದ ಕಚೇರಿ ಮುಂದೆ ಕೂರುವುದು ವಾಸಿ. ಬೇಡಿಕೆಯೂ ಒಂದೇ ಇರಲಿ: ಎಸ್ಟಿಮೇಟಿಗೆ ತಾಂತ್ರಿಕ ಮಂಜೂರಾತಿ ಯಾವ ದಿನ ಕೊಡುತ್ತೀರಿ? ಲಿಖಿತ ದಿನಾಂಕ ಸಿಗುವ ತನಕ ಏಳಬೇಡಿ. ಹೈಕೋರ್ಟ್ ಪೀಠ ಕಲಬುರಗಿಯಲ್ಲೇ ಇದೆ, ಆದರೆ ಅಲ್ಲಿಗೆ ಹೋಗುವ ಮುಂಚೆ ಮೇಲಿನ ಕಾಗದಗಳೆಲ್ಲ ಕೈಯಲ್ಲಿರಬೇಕು.

9. ಮಂಜೂರಾತಿ ಬಂದ ಮೇಲೆ

ಸನ್ಮಾನ, ಫ್ಲೆಕ್ಸ್ ಎಲ್ಲ ಈಗಲೇ ಬೇಡ. ಟೆಂಡರ್ ದಾಖಲೆ ತೆಗೆದು ಚೈನೇಜ್ ಸರಿ ಇದೆಯಾ ನೋಡಿ. ಟೇಲೆಂಡ್‌ಗೆ ಕೇಳಿದ ಕೆಲಸ ರಸ್ತೆ ಪಕ್ಕದ ಮೊದಲ ಕಿಲೋಮೀಟರ್‌ಗೆ ಜಾರಿಹೋಗುವುದು ಮಾಮೂಲಿ. ಜೆಸಿಬಿ ತಳ ಕೆರೆಯುವಾಗ ಲೈನಿಂಗ್ ಕಿತ್ತು ಹೋಗಬಹುದು, ಯಾರಾದರೂ ಒಬ್ಬರು ಪಕ್ಕದಲ್ಲಿರಲಿ. ಎತ್ತಿದ ಹೂಳನ್ನು ದಂಡೆಯ ಅಂಚಿಗೇ ಸುರಿದರೆ ಮೊದಲ ಮಳೆಗೆ ಅದು ವಾಪಸ್ ಕಾಲುವೆಗೇ ಬರುತ್ತದೆ. ದೂರ ಸಾಗಿಸುವ ಖರ್ಚು ಎಸ್ಟಿಮೇಟಿನಲ್ಲಿ ಇದೆಯಾ ಮೊದಲೇ ನೋಡಿ, ಇಲ್ಲದಿದ್ದರೆ ಹೊಲಕ್ಕೆ ಬೇಕಾದವರು ತಮ್ಮ ಟ್ರ್ಯಾಕ್ಟರ್ ತಂದು ಒಯ್ಯಲು ದಿನ ಗೊತ್ತು ಮಾಡಿ. ಜಾಲಿಯನ್ನು ಮೇಲೆ ಕತ್ತರಿಸಿದರೆ ಸಾಲದು, ಬುಡ ಸಮೇತ ಕೀಳಬೇಕು.

ಕೆಲಸ ಮುಗಿದ ದಿನ ನೀರು ಬಿಡುವ ಮುಂಚೆ ಅದೇ ಮೂವತ್ತು ಜಾಗಗಳಲ್ಲಿ ಮತ್ತೆ ಸರಳು ಚುಚ್ಚಿ, ಅದೇ ಕಡೆ ನಿಂತು ಫೋಟೊ ತೆಗೆಯಿರಿ. ಬಿಲ್ ಆದ ಮೇಲೆ ಎಂ.ಬಿ. ಪ್ರತಿ ತರಿಸಿ ಎರಡನ್ನೂ ತಾಳೆ ನೋಡಿ. ಆಗಸ್ಟ್‌ನಲ್ಲಿ ಟೇಲೆಂಡ್‌ನಲ್ಲಿ ಮತ್ತೆ ತೊಗರಿ ಕಟ್ಟಿಗೆ ಬಿಟ್ಟು ಹರಿವು ಅಳೆಯಿರಿ. ಕೆಲಸದ ಮುಂಚೆ ಎಷ್ಟು, ಆಮೇಲೆ ಎಷ್ಟು, ಎಷ್ಟು ಎಕರೆಗೆ ಹೊಸದಾಗಿ ನೀರು ಬಂತು, ಎಷ್ಟು ಖರ್ಚಾಯಿತು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮುಂದಿನ ಅಕ್ಟೋಬರ್‌ನ ಅರ್ಜಿಗೆ ಮೊದಲ ಲಗತ್ತಾಗಿ ಇಡಿ.